ಸಾನ್ ಪೆದ್ರೊ ಹಬ್ಬದ ಆರು ಕುಯ್

ಪಾಸ್ತೊ ಪಟ್ಟಣದಲ್ಲಿ ನಡೆದ ವಿದ್ಯಾರ್ಥಿ ಸಂಶೋಧಕರ ಸಮಾವೇಶಕ್ಕೆ ನನ್ನನ್ನು ಮೊದಲ ಸಲ ಮೌಲ್ಯಮಾಪಕಿಯಾಗಿ ಕರೆದಿದ್ದರು. ಒಂದೊಂದು ಭಿತ್ತಿಪತ್ರಕ್ಕೆ ಇಬ್ಬರು ಅಂಕ ಕೊಡಬೇಕು. ಇಬ್ಬರ ಅಂಕಗಳ ಸರಾಸರಿ ನೂರಕ್ಕೆ ಎಂಬತ್ತೈದಾದರೂ ಇದ್ದರೆ ಆ ವಿದ್ಯಾರ್ಥಿ ಬರಾಂಕಿಯಾ ನಗರದ ರಾಷ್ಟ್ರೀಯ ಸಮಾವೇಶಕ್ಕೆ ಹೋಗಬಹುದು. ಅಂಕ ಬರೆಯುವುದು ನನಗೆ ಕಷ್ಟವಲ್ಲ. ಆದರೆ ತಪ್ಪನ್ನು ಎದುರಿಗೇ ನಿಂತು ಹೇಳಬೇಕು ಎಂಬ ನಿಯಮವಿತ್ತು.

ನನ್ನ ಪಾಲಿನ ಮೂರನೆಯ ಭಿತ್ತಿಪತ್ರ ನಿದಿಯಾ ತುತಿಸ್ತಾರ್ ಎಂಬ ಹುಡುಗಿಯದು. ನಮ್ಮ ಬೆಟ್ಟದ ಊರುಗಳಲ್ಲಿ ಮಾಂಸಕ್ಕೆಂದು ಸಾಕುವ ಪುಟ್ಟ ಕುಯ್‌ಗಳು, ಅಂದರೆ ಗಿನಿಪಿಗ್‌ಗಳು, ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲೇ ಓಡಾಡಿಕೊಂಡಿರುತ್ತವೆ. ಹೊಗೆಯಿಂದ ದೂರ ಬೇರೆ ಕೊಟ್ಟಿಗೆ ಕಟ್ಟಿದರೆ ಅವು ಹೆಚ್ಚು ಬದುಕುತ್ತವೆಯೇ ಎಂಬುದು ಅವಳ ಪ್ರಶ್ನೆ. ಒಲೆಯ ಬಳಿ ಇಪ್ಪತ್ತನಾಲ್ಕು, ಕೊಟ್ಟಿಗೆಯಲ್ಲಿ ಇಪ್ಪತ್ತನಾಲ್ಕು. ಆರು ತಿಂಗಳಲ್ಲಿ ಒಲೆಯ ಬಳಿ ಐದು ಸತ್ತಿದ್ದವು, ಕೊಟ್ಟಿಗೆಯಲ್ಲಿ ಆರು. ಹಾಗಾಗಿ ಕೊಟ್ಟಿಗೆಯಿಂದ ಲಾಭವಿಲ್ಲ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ನಾನು ಕೋಷ್ಟಕದ ಮೇಲೆ ಬೆರಳಾಡಿಸಿದೆ. ಒಲೆಯ ಬಳಿಯ ಐದೂ ಬೇರೆ ಬೇರೆ ವಾರಗಳಲ್ಲಿ ಸತ್ತಿದ್ದವು. ಕೊಟ್ಟಿಗೆಯ ಆರು ಮಾತ್ರ ಒಂದೇ ದಿನ, ಜೂನ್ ಇಪ್ಪತ್ತೊಂಬತ್ತರಂದು. ಅಂದು ಸಾನ್ ಪೆದ್ರೊ ಹಬ್ಬ. ಆ ದಿನ ಕುಯ್ ಸುಡದ ಮನೆ ನಮ್ಮ ಕಡೆ ಇಲ್ಲ.

ಹೇಗೆ ಕೇಳುವುದೆಂದು ಮಾತು ಹುಡುಕುತ್ತಿದ್ದೆ. ಹುಡುಗಿಯ ಪಕ್ಕದಲ್ಲಿ ಅವಳ ತಾಯಿ ರೊಸಾಲ್ಬಾ ಹಬ್ಬದ ಶಾಲು ಹೊದ್ದು ನಿಂತಿದ್ದರು. ತಾಯಿಯ ಮುಂದೆ ಮಗಳಿಗೆ ಅವಮಾನವಾಗಬಾರದು. ಕೊನೆಗೆ, ಈ ಆರು ಯಾವ ಕಾಯಿಲೆಯಿಂದ ಸತ್ತವು ಎಂದಷ್ಟೇ ಕೇಳಿದೆ.

ಉತ್ತರ ತಾಯಿಯಿಂದ ಬಂತು.

"ಕಾಯಿಲೆನಾ? ನನ್ನ ಕೈಯಲ್ಲಿ ಸಾಕಿದ್ದಕ್ಕೆ ಕಾಯಿಲೆ ಬರತ್ತಾ ಟೀಚರಮ್ಮ? ಬೀಗರು ಬಂದಿದ್ರು, ಸುಟ್ಟು ಬಡಿಸ್ದೆ. ಏನೇ ಇದು, ಸತ್ತೋದ್ವು ಅಂತ ಊರಿಗೆಲ್ಲ ಕಾಣೋ ಹಾಗೆ ಬರ್ದಿದೀಯಾ?"

ಸುತ್ತಲಿನವರು ನಕ್ಕರು. ನಿದಿಯಾಳ ಕಿವಿ ಕೆಂಪಾಯಿತು. ದಾಖಲಿಸುವ ನಮೂನೆಯಲ್ಲಿ ಬದುಕಿದ್ದು, ಸತ್ತದ್ದು ಎಂದು ಎರಡೇ ಕಲಂ ಇದ್ದವಂತೆ. ತಿಂದದ್ದಕ್ಕೆ ಜಾಗವೇ ಇರಲಿಲ್ಲವಂತೆ. ಪ್ರಯೋಗದ ಪ್ರಾಣಿಯನ್ನು ಮನೆಯವರು ತಿಂದರು ಎಂದು ಪ್ರೊಫೆಸರರ ಮುಂದೆ ಹೇಳಲು ನಾಚಿಕೆಯೂ ಆಯಿತಂತೆ.

"ಕೊಟ್ಟಿಗೆಯವನ್ನೇ ಯಾಕೆ ತೆಗೆದ್ರಿ?" ಎಂದು ತಾಯಿಯನ್ನು ಕೇಳಿದೆ.

"ಅವೇ ಅಲ್ವಾ ದಪ್ಪಗಿದ್ದಿದ್ದು. ಒಲೆ ಹತ್ರದವು ಕೆಮ್ಮಿಕೊಂಡು ಬಡಕಲಾಗಿದ್ವು. ಬೀಗರ ತಟ್ಟೆಗೆ ಅವನ್ನ ಹಾಕಕ್ಕಾಗತ್ತಾ?"

ಈ ಭಿತ್ತಿಪತ್ರಕ್ಕೆ ಈಗಿರುವಂತೆ ಎಪ್ಪತ್ತಕ್ಕಿಂತ ಹೆಚ್ಚು ಕೊಡಲಾರೆ ಎಂದು ನಿದಿಯಾಗೆ ಹೇಳಿದೆ. ಆದರೆ ಹನ್ನೆರಡು ಗಂಟೆಯವರೆಗೆ ತಿದ್ದಲು ಅವಕಾಶವಿತ್ತು.

"ನಿನ್ನ ಕೆಲಸ ಕೆಟ್ಟಿಲ್ಲ, ನಿದಿಯಾ. ನೀನು ಮುಚ್ಚಿಟ್ಟಿದ್ದೇ ನಿನ್ನ ಉತ್ತರ."

ಅವಳು ಬಿಳಿ ಹಾಳೆ ಹರಿದು, "ಆರು: ಸಾನ್ ಪೆದ್ರೊ ಹಬ್ಬದಲ್ಲಿ ತಿಂದದ್ದು. ಕಾಯಿಲೆಯಿಂದ ಸತ್ತದ್ದು: ಸೊನ್ನೆ" ಎಂದು ಬರೆದು ಕೋಷ್ಟಕದ ಮೇಲೆ ಅಂಟಿಸಿದಳು. ಕೊನೆಯ ತೀರ್ಮಾನವನ್ನೂ ಹೊಡೆದು ಹಾಕಿ, ಕೊಟ್ಟಿಗೆಯಿಂದ ಲಾಭವಿದೆ ಎಂದು ಹೊಸದಾಗಿ ಬರೆದಳು.

ಎರಡನೆಯ ಮೌಲ್ಯಮಾಪಕರು ಪಶುವೈದ್ಯ ಎರಾಸೊ. ನಗುವುದು ಅವರ ಅಭ್ಯಾಸವಲ್ಲ. ಅಂಟಿಸಿದ ಹಾಳೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ಓದಿ, ತಿಂದ ಆರೂ ಆರೋಗ್ಯವಾಗಿದ್ದವು ಎಂಬುದಕ್ಕೆ ಪುರಾವೆ ಏನು ಎಂದರು. ನಿದಿಯಾ ತಾಯಿಯತ್ತ ತಿರುಗಿದಳು.

"ಹೊಟ್ಟೆ ಸೀಳಿ ಈಲಿ ನೋಡ್ದೆ ಯಾರಾದ್ರೂ ಕುಯ್ ಸುಡ್ತಾರಾ ಡಾಕ್ಟ್ರೇ?" ಎಂದರು ರೊಸಾಲ್ಬಾ. "ಆರರದ್ದೂ ನೋಡಿದೀನಿ. ಒಂದರಲ್ಲೂ ರೋಗದ ಚುಕ್ಕೆ ಇರ್ಲಿಲ್ಲ."

ಎರಾಸೊ ಪೆನ್ನು ತೆರೆದರು. ಹೀಗೆ ಯಕೃತ್ತು ನೋಡುವುದಕ್ಕೆ ನಮ್ಮ ವೈದ್ಯರ ಭಾಷೆಯಲ್ಲಿ ಶವಪರೀಕ್ಷೆ ಎನ್ನುತ್ತಾರೆ, ಪರೀಕ್ಷೆ ಮಾಡಿದವರ ಹೆಸರು ಸಮೇತ ಅದನ್ನೂ ಬರಿ ಎಂದು ಹುಡುಗಿಗೆ ಹೇಳಿದರು.

ನಾನು ಎಂಬತ್ತಾರು ಕೊಟ್ಟೆ, ಅವರು ತೊಂಬತ್ತು. ಮಧ್ಯಾಹ್ನ ಆಯ್ಕೆಯಾದವರ ಪಟ್ಟಿ ಹಾಕಿದಾಗ ನಿದಿಯಾಳ ಹೆಸರು ಅದರಲ್ಲಿತ್ತು. ರೊಸಾಲ್ಬಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಆ ಬರಾಂಕಿಯಾದವರು ಕುಯ್ ತಿಂತಾರಾ ಎಂದು ಗುಟ್ಟಿನಲ್ಲಿ ಕೇಳಿದರು. ಸಮುದ್ರದ ಊರು, ಬಹುಶಃ ತಿನ್ನಲಿಕ್ಕಿಲ್ಲ ಎಂದೆ.

"ಹಾಗಾದ್ರೆ ಅಲ್ಲಿ ಇವಳು ಕುಯ್ ವಿಷ್ಯ ಎಲ್ಲಾ ಮೊದಲಿಂದ ವಿವರಿಸ್ಬೇಕಾಗತ್ತೆ," ಎಂದು ಅವರು ಮಗಳಿಗೆ ಆಗಲೇ ಪಾಠ ಹೇಳಿಕೊಡಲು ಹೋದರು.