ಹಳೆ ಅರಿವೆಯ ಮನೆ

ಬಾಗಿಲಿನಿಂದ ಬಿಸಿಲು ಓರೆಯಾಗಿ ಒಳಗೆ ಬಿದ್ದರೆ ಆ ಊರಿನಲ್ಲಿ ಮೊದಲು ಕಾಣುತ್ತಿದ್ದುದು ಗಾಳಿಯಲ್ಲಿ ತೇಲುವ ನೂಲಿನ ಎಳೆಗಳು. ಕೆಂಪು, ಹಳದಿ, ನೀಲಿ. ಅವು ಮಜ್ಜಿಗೆಯ ಮೇಲೆ ಕೂರುತ್ತಿದ್ದವು, ದೇವರ ಜಗುಲಿಯ ಮೇಲೆ ಕೂರುತ್ತಿದ್ದವು, ನಿದ್ದೆ ಹೋದವರ ರೆಪ್ಪೆಯ ಮೇಲೂ ಕೂರುತ್ತಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ದಿನವಿಡೀ ಒರೆಸುತ್ತಿದ್ದೆ. "ಎಷ್ಟಂತ ಒರಸ್ತಿ ಬಿಡವಾ. ನೇಕಾರರ ಊರಾಗ ಇದನ್ನೂ ಒಂದಿಷ್ಟು ಉಣ್ಣೂದ" ಎಂದು ಅತ್ತೆ ನಗುತ್ತಿದ್ದರು.

ಊರ ತುಂಬ ಮಗ್ಗಗಳು, ಹೊಲಿಗೆಯ ಶೆಡ್ಡುಗಳು. ಊರ ಹೊರಗೆ ಕತ್ತರಿಸಿ ಉಳಿದ ಚೂರು, ಹರಿದ ಸೀರೆ, ಬಣ್ಣ ಕೆಟ್ಟ ಬಟ್ಟೆಗಳ ಗುಡ್ಡ. ಅದಕ್ಕೆ ಆಗಾಗ ಬೆಂಕಿ ಬಿದ್ದು ಊರೆಲ್ಲ ಕೆಮ್ಮುತ್ತಿತ್ತು. ನಾನು ಮನೆಗಳ ನಕ್ಷೆ ಬರೆಯುವುದನ್ನು ಕಲಿತವಳು, ನನ್ನ ಗಂಡ ಮಹಾಂತೇಶ ಮನೆ ಕಟ್ಟುವ ಮೇಸ್ತ್ರಿ. ಆ ಗುಡ್ಡದಿಂದಲೇ ಮನೆ ಕಟ್ಟಬೇಕೆಂಬ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿಯಿತು. ಚಿಂದಿಯನ್ನು ಹಿಂಜಿ, ಸುಣ್ಣದ ಗಾರೆಯಲ್ಲಿ ಕಲಸಿ, ಮರದ ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಹಗುರವಾದ ದಪ್ಪ ಇಟ್ಟಿಗೆಯಾಗುತ್ತಿತ್ತು. ಭಾರವನ್ನೆಲ್ಲ ಮರದ ಕಂಬಗಳು ಹೊರುತ್ತಿದ್ದವು, ಇಟ್ಟಿಗೆ ನಡುವೆ ತುಂಬಿಕೊಳ್ಳುತ್ತಿತ್ತು. ಒಂದು ಕೋಣೆ, ಒಲೆಗೊಂದು ಮೂಲೆ, ಮೇಲೊಂದು ಅಟ್ಟ. ನನ್ನ ನಕ್ಷೆಯಲ್ಲಿದ್ದುದು ಅಷ್ಟೇ.

ಗೋಡೆಗಳು ಎದ್ದ ದಿನ ಒಳಗೆ ನಿಂತು ನೋಡಿದೆವು. ಹೊರಗೆ ಕಿವಿ ಗಡಚಿಕ್ಕುವ ಮಗ್ಗಗಳ ಸದ್ದು ಒಳಗೆ ಇರಲೇ ಇಲ್ಲ. "ಇಂಥಾ ಮನ್ಯಾಗ ಕೂಸು ಎಷ್ಟ ಚಂದ ಮಲಗತೈತಿ ನೋಡು" ಎಂದರು ಇವರು. ನಾನು ಆಗ ಬಸುರಿ. ಗೋಡೆಗಳ ಒಳಮೈಗೆ ಸುತ್ತಲೂ ಇನ್ನೊಂದು ವರಸೆ ಇಟ್ಟಿಗೆ ಕೂಡಿಸುವುದು ಬಾಕಿಯಿತ್ತು.

ಮೊದಲ ಮನೆ ಕಲ್ಲವ್ವನಿಗೆಂದು ನಿಶ್ಚಯವಾಗಿತ್ತು. ಆಕೆ ನೂಲು ಸುತ್ತಿ ಬದುಕುವ ವಿಧವೆ. ಮಗ್ಗದ ಶೆಡ್ಡಿಗೆ ಆನಿಸಿದ ತಗಡಿನ ಕೆಳಗೆ ಇರುತ್ತಿದ್ದಳು. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಜಾಗ ಕೊಟ್ಟ ನೇಕಾರರ ಸಂಘದವರು, ಕಲ್ಲವ್ವ ಇದರಲ್ಲಿ ಸಂಸಾರ ಮಾಡಿ ತೋರಿಸಿದರೆ ಇಡೀ ಓಣಿಗೆ ಇಂಥವೇ ಮನೆ ಕಟ್ಟಿಸುತ್ತೇವೆ ಎಂದಿದ್ದರು. ಇವರು ಕೈಯಲ್ಲಿದ್ದ ಬೇರೆ ಕೆಲಸಗಳನ್ನೆಲ್ಲ ಬಿಟ್ಟು ಇದನ್ನೇ ಹಿಡಿದುಕೊಂಡರು.

ಕಂಡವರು ಬಿಸಾಕಿದ ಚಿಂದಿಯಲ್ಲಿ ಸಂಸಾರ ಮಾಡುವುದೇ ಎಂದು ಓಣಿಯ ಹೆಂಗಸರು ಮೂಗು ಮುರಿದರು. ಅವರ ಬಾಯಿ ಮುಚ್ಚಿಸಿದ್ದು ನಮ್ಮ ಅತ್ತೆ. "ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕ್ತೀರೇನು? ತುಂಬು ಬಾಳು ಬದುಕಿದವರ ಹಳೇ ಅರಿವ್ಯಾಗ ಸುತ್ತತೀರಿ. ಅವರ ಆಯುಷ್ಯ ಇದಕ್ಕ ಬರಲಿ ಅಂತೀರಿ. ಕೂಸಿಗೆ ಆಗೂದು ಮನಿಗ್ಯಾಕ ಆಗಬಾರ್ದು?" ಕಲ್ಲವ್ವ ತಲೆದೂಗಿದಳು. ಅತ್ತೆ ಅಷ್ಟರಲ್ಲಾಗಲೇ ನಮ್ಮ ಕೂಸಿಗೂ ಬಟ್ಟೆ ಕೂಡಿಹಾಕಿದ್ದರು. ಓಣಿಯ ಹಿರಿಯಜ್ಜನ ಧೋತರ, ತಮ್ಮ ತಾಯಿಯ ಸೀರೆ, ಮಾವನವರ ರುಮಾಲು. ಒಗೆದು ಒಗೆದು ಬೆಣ್ಣೆಯಂತಾಗಿದ್ದ ಅವನ್ನೆಲ್ಲ ಮಡಚಿ, ಗಂಟು ಕಟ್ಟಿ, ಟ್ರಂಕಿನಲ್ಲಿಟ್ಟಿದ್ದರು. ನಾನು ದಿನಕ್ಕೊಮ್ಮೆ ಅದನ್ನು ತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ.

ಹೆಣ್ಣು ಕೂಸು. ಅಳಲಿಲ್ಲ. ನನಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಆಸ್ಪತ್ರೆಯ ಬಟ್ಟೆಯಲ್ಲೇ ಸುತ್ತಿ ಮಣ್ಣು ಮಾಡಿ ಬಂದಿದ್ದರು. ಮುಖ ಹೇಗಿತ್ತೆಂದು ಯಾರನ್ನು ಕೇಳಿದರೂ ಕಣ್ಣು ತಪ್ಪಿಸುತ್ತಿದ್ದರು. ಮನೆಗೆ ಬಂದವಳೇ ಟ್ರಂಕು ತೆಗೆದೆ. ಎದೆಯಲ್ಲಿ ಹಾಲು ಬಿಗಿದು ಸಿಡಿಯುತ್ತಿತ್ತು, ಅವಳದೆನ್ನುವ ಒಂದನ್ನಾದರೂ ಅವುಚಿಕೊಳ್ಳಬೇಕಿತ್ತು. ಗಂಟು ಅಲ್ಲಿರಲಿಲ್ಲ.

"ಬಾರದ ಕೂಸಿನ ಅರಿವಿ ಮನ್ಯಾಗ ಇಡಬಾರ್ದವಾ, ಮತ್ತೊಬ್ಬರ ಕೂಸಿಗೂ ಕೊಡಬಾರ್ದು. ಹೊಳಿಗೆ ಬಿಡು ಅಂತ ಮಾಂತೇಶನ ಕೈಯಾಗ ಕೊಟ್ಟೆ" ಎಂದು ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ಇವರ ಕಡೆ ನೋಡಿದೆ.

"ಹೊಳಿತನಕ ಹೋಗಿದ್ದೆ. ಬಿಡಾಕ ಕೈ ಬರಲಿಲ್ಲ" ಎಂದರು. "ಗ್ವಾಡ್ಯಾಗ ಹಾಕಿದೆ."

"ಯಾವ ಗ್ವಾಡ್ಯಾಗ?"

"ಹಿಂಜಿ, ಗಾರ್ಯಾಗ ಕಲಸಿ ಹೋತು. ಎಲ್ಲಿ ಐತಿ ಅಂತ ಹೆಂಗ ಹೇಳ್ಲಿ."

ಅಂದು ನಾನು ಕೂಗಾಡಿದ್ದು ಓಣಿಗೆಲ್ಲ ಕೇಳಿತು. ಹಸಿ ಮೈಯಲ್ಲೇ ಹೊಸ ಮನೆಗೆ ಓಡಿಹೋಗಿ ಉಗುರಿನಿಂದ ಗೋಡೆ ಕೆರೆದೆ. ಇವರು ಹಿಂದಿನಿಂದ ಬಂದು ನನ್ನ ಕೈಗಳನ್ನು ಹಿಡಿದುಕೊಂಡರು.

ಕೆಲವು ದಿನಗಳ ಮೇಲೆ ಕಲ್ಲವ್ವ ಬಂದು ಹೊಸ್ತಿಲ ಹೊರಗೇ ನಿಂತಳು. "ತಪ್ಪು ತಿಳ್ಕೋಬ್ಯಾಡ ತಂಗೀ. ನನ್ನ ಮಗಳು ಬಸರಿ. ಆ ಅರಿವಿ ಇರೂ ಮನ್ಯಾಗ ಆಕೀನ ಹೆಂಗ ಮಲಗಸಲಿ? ಮಾಂತೇಶಪ್ಪಾ, ಅದೊಂದನ್ನ ತಗದು ಹೊಳಿಗೆ ಬಿಟ್ಟುಬಿಡು. ನಾಳೇನ ಹಾಲು ಉಕ್ಕಸ್ತೀನಿ."

"ಎಲ್ಲಾ ಕಲಸಿ ಹೋಗೇತಿ ಕಲ್ಲವ್ವಾ. ತಗಿಯಾಕ ಬರೂದಿಲ್ಲ."

"ಒಂದೀಟು ನೆನಪ ಮಾಡಿ ನೋಡಪ್ಪಾ."

"ಬರೂದಿಲ್ಲ" ಎಂದಷ್ಟೇ ಹೇಳಿ ಇವರು ತಲೆ ತಗ್ಗಿಸಿದರು.

ಕಲ್ಲವ್ವ ಮಗಳನ್ನು ತಗಡಿನ ಕೆಳಗೇ ಬಾಣಂತನಕ್ಕೆ ಮಲಗಿಸಿದಳು. ಬೇರೆ ಯಾರೂ ಆ ಮನೆಯನ್ನು ಒಪ್ಪಲಿಲ್ಲ. ಸಂಘದವರು ಕೈ ತೊಳೆದುಕೊಂಡರು. ಓಣಿಗೆಂದು ನಾನು ಬರೆದಿಟ್ಟಿದ್ದ ನಕ್ಷೆಗಳು ಸುರುಳಿಯಾಗಿಯೇ ಉಳಿದವು, ಇವರು ಮತ್ತೊಬ್ಬರ ಕೈಕೆಳಗೆ ಕಲ್ಲು ಗಾರೆಯ ಕೆಲಸಕ್ಕೆ ಹೋಗತೊಡಗಿದರು. ಚಿಂದಿಯ ಗುಡ್ಡಕ್ಕೆ ಮತ್ತೆ ಬೆಂಕಿ ಬಿತ್ತು. ಆ ವಾರವೆಲ್ಲ ಗಾಳಿಯಲ್ಲಿ ತೇಲಿದ ಎಳೆಗಳು ಕಪ್ಪಗಿದ್ದವು. ನಾನು ಒರೆಸಲು ಹೋಗಲಿಲ್ಲ.

ಕೊನೆಗೆ ಆ ಮನೆಗೆ ನಾವೇ ಹೋಗಿ ಇದ್ದೆವು. ಹೋಗಬೇಕೆಂದು ಹಟ ಹಿಡಿದವಳು ನಾನು. ಯಾವುದೋ ಇಟ್ಟಿಗೆಯಲ್ಲಿ ಅವಳ ಬಟ್ಟೆಯ ಒಂದು ಎಳೆಯಾದರೂ ಇದ್ದೀತು ಎಂಬ ಆಸೆ. ಆದರೆ ಆ ಮನೆಯ ನಿಶ್ಶಬ್ದ ನನ್ನನ್ನು ತಿಂದುಹಾಕಿತು. ಮಲಗಿದ ಕೂಸು ಬೆಚ್ಚಬಾರದೆಂದು ಅಷ್ಟು ದಪ್ಪ ಗೋಡೆಗಳನ್ನು ಬರೆದವಳು ನಾನೇ. ಒಂದೊಂದು ಕಡೆ ಕಿವಿಯಿಟ್ಟು, ಅಂಗೈಯಿಟ್ಟು ನೋಡುತ್ತಿದ್ದೆ. ಎಲ್ಲ ಕಡೆಯೂ ಒಂದೇ ಥರ. ಅವಳ ಬಟ್ಟೆಯನ್ನು ಊರ ಕಸದೊಂದಿಗೆ ಕಲಸಿದ ಆ ಕೈಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಊಟಕ್ಕಿಟ್ಟು ಎದ್ದು ಹೋಗುತ್ತಿದ್ದೆ. ಇವರು ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ವರ್ಷ ತಿರುಗಿ ಹಬ್ಬ ಬಂತು. ಒಂದು ಬೆಳಿಗ್ಗೆ ನಾನು ನೀರು ತರಲು ಹೋದಾಗ ಇವರು ಒಳಗೆ ಸುಣ್ಣ ಬಳಿಯುತ್ತಿದ್ದರು. ತಿರುಗಿ ಬಂದು ಕೊಡ ಇಳಿಸದೆ ಬಾಗಿಲಲ್ಲೇ ನಿಂತೆ. ಕುಂಚದಿಂದ ಸರಸರನೆ ಎಳೆಯುತ್ತ ಬಂದವರು ಪಡುವಣ ಗೋಡೆಯ ಕಿಟಕಿಯ ಹತ್ತಿರ ನಿಂತುಬಿಟ್ಟರು. ಕುಂಚವನ್ನು ಪಕ್ಕಕ್ಕಿಟ್ಟು, ಧೋತರ ಮೇಲೆ ಕಟ್ಟಿ, ನೆಲಕ್ಕೆ ಕುಳಿತರು. ಬಕೆಟ್ಟಿನಲ್ಲಿ ಕೈ ಅದ್ದಿ, ಕಿಟಕಿಯ ಕೆಳಗೆ ಒಂದೇ ಒಂದು ಕಡೆ, ಅಂಗೈಯಿಂದ ಸುಣ್ಣ ಸವರತೊಡಗಿದರು. ಮೇಲಿನಿಂದ ಕೆಳಕ್ಕೆ, ಮತ್ತೆ ಸುತ್ತಲೂ, ಎಲ್ಲೂ ಒತ್ತದೆ. ಕೂಸಿಗೆ ಎಣ್ಣೆ ಹಚ್ಚುವವರ ಕೈ ಹಾಗೆ ಆಡುತ್ತದೆ.

ಕೊಡ ಇಳಿಸಿದೆ. "ಕಲಸಿಲ್ಲೇನ್ರಿ?" ಎಂದೆ. ಎಷ್ಟೋ ತಿಂಗಳ ಮೇಲೆ ನಾನಾಗಿಯೇ ಇವರೊಡನೆ ಆಡಿದ ಮಾತು ಅದು.

ಇವರು ತಿರುಗಲಿಲ್ಲ. "ಹೆಂಗ ಕಲಸ್ಲಿ. ಗಂಟು ಬಿಚ್ಚದ ಹಂಗ ಇಟ್ಟೇನಿ."

"ಮತ್ತ ಆವಾಗ…"

"ಹೇಳಿದ್ರ ನೀ ಗ್ವಾಡಿ ಒಡಸ್ತಿದ್ದಿ. ತಗದದ್ದು ಕಂಡ್ರ ಕಲ್ಲವ್ವ, ಅವ್ವ ಎಲ್ಲಾರೂ ಕೂಡಿ ಹೊಳಿಗೆ ಬಿಡಸ್ತಿದ್ರು. ನಮ್ಮ ಕೂಸಿಗೆ ಇದೊಂದ ಮನಿ. ಎಬ್ಬಿಸೂದು ಬ್ಯಾಡ ಅನಸ್ತು."

ಕಲ್ಲವ್ವ ಹೊಸ್ತಿಲಲ್ಲಿ ನಿಂತು ಕೇಳಿದಾಗ ಇವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಕೆಗೆ ಮನೆ ಸಿಗುತ್ತಿತ್ತು, ಓಣಿಯೇ ಎದ್ದು ನಿಲ್ಲುತ್ತಿತ್ತು, ಇವರು ಮತ್ತೊಬ್ಬರ ಕೈಕೆಳಗೆ ದುಡಿಯಬೇಕಿರಲಿಲ್ಲ. ನನ್ನ ಸಿಟ್ಟನ್ನೂ ಉಣ್ಣಬೇಕಿರಲಿಲ್ಲ. ಎಲ್ಲ ಗೊತ್ತಿದ್ದೂ ಸುಮ್ಮನಿದ್ದರು.

ನಾನು ಇವರ ಪಕ್ಕದಲ್ಲಿ ಕುಳಿತು ಬಕೆಟ್ಟಿಗೆ ಕೈ ಹಾಕಿದೆ. ಸುಣ್ಣ ಕೈಯನ್ನು ಕಚ್ಚಿತು. ಇವರು ತಮ್ಮ ಅಂಗೈ ಸರಿಸಿ ಜಾಗ ಕೊಟ್ಟರು. ಬಾಗಿಲಿನಿಂದ ಬಿದ್ದ ಎಳೆಬಿಸಿಲಿಗೆ ಗೋಡೆ ಬೆಚ್ಚಗಾಗಿತ್ತು. ನಾವು ಸವರುತ್ತಿದ್ದಂತೆಯೇ ನೀರಿನ ಹಾಗೆ ಕಾಣುತ್ತಿದ್ದ ಹಸಿ ಸುಣ್ಣ ಅಂಚಿನಿಂದ ಒಣಗುತ್ತ ಬಂದು, ಮೆಲ್ಲಮೆಲ್ಲಗೆ ಬೆಳ್ಳಗಾಯಿತು.