ಇಸಿಜಿ ಚೆನ್ನಾಗಿತ್ತು, ಆದರೂ ನಿಖತ್‌ಳನ್ನು ಕಳಿಸಲಿಲ್ಲ

ಎಂಟು ವರ್ಷದ ನಿಖತ್ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಒಂದು ದಿನ ಭದ್ರಾವತಿಯ ಶಾಲೆಯಲ್ಲಿ ಓಡುತ್ತಲೇ ಕಣ್ಣು ಕತ್ತಲಿಟ್ಟು ಬಿದ್ದಳು. ಅಪ್ಪ ಗುಲಾಮ್ ಮೊಹಿದ್ದೀನ್ ಮಾಚೇನಹಳ್ಳಿಯಲ್ಲಿ ಲೇಥ್ ಯಂತ್ರದ ಮೇಲೆ ಕಬ್ಬಿಣದ ಬಿಡಿಭಾಗ ಕಡೆಯುವವರು. ಯಂತ್ರ ಬಿಸಿಯಾದರೆ ಲೋಡ್ ಇಳಿಸುವುದು ಅವರಿಗೆ ರೂಢಿ. ಮಗಳಿಗೂ ಅದನ್ನೇ ಮಾಡಿದರು. ಆಟ ಬಂದ್, ಓಟ ಬಂದ್! ಏದುಸಿರು ನಿಂತಿತು, ಮನೆಯವರಿಗೆ ನೆಮ್ಮದಿಯಾಯಿತು. ಎಡವಿದ್ದು ಇಲ್ಲೇ ನೋಡಿ.

ಅಷ್ಟರಲ್ಲಿ ಶಾಲೆಗೆ ತಪಾಸಣೆಗೆ ಬಂದ ಡಾಕ್ಟರಿಗೆ ನಿಖತ್‌ಳ ಎದೆಬಡಿತದ ಜೊತೆ ಬೇರೊಂದು ಸದ್ದು ಕೇಳಿಸಿತು. ವಿಷಯ ತಿಳಿದ ಆಶಾ ಕಾರ್ಯಕರ್ತೆ ಪುಷ್ಪಾ ಮನೆಗೇ ಬಂದರು.

"ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ ಇಸಿಜಿ ಮಾಡಿಸ್ಬೇಕು ಭಾಯ್."

"ಮಗು ಈಗ ಆರಾಮಾಗಿದೆ ಮೇಡಂ. ಮೈಗೆಲ್ಲ ವೈರ್ ಹಾಕಿ ಕರೆಂಟ್ ಬಿಡೋದು ಬೇಡ."

"ಕರೆಂಟ್ ಯಾರು ಬಿಡ್ತಾರೆ ಮಾರಾಯ್ರೆ! ಹೃದಯದಲ್ಲೇ ಹುಟ್ಟೋ ಸಣ್ಣ ಕರೆಂಟನ್ನ ಅದು ಬರ್ಕೊಳ್ಳುತ್ತೆ, ಅಷ್ಟೆ. ಸೂಜಿ ಇಲ್ಲ, ನೋವಿಲ್ಲ. ನೀವು ಓಡೋಕೆ ಬಿಡ್ತಿಲ್ಲ, ಅದಕ್ಕೆ ಏದುಸಿರು ಕಾಣ್ತಿಲ್ಲ. ಕಾಯಿಲೆ ಎಲ್ಲಿಗೆ ಹೋಯ್ತು?"

ಆ ಮಾತು ಕೇಳಿದ್ದೇ ತಾಯಿ ಖುರ್ಷಿದ್ ಬೇಗಂ ಹೋಗಲೇಬೇಕೆಂದು ಹಟ ಹಿಡಿದರು. ಮರುದಿನವೇ ಮೂವರೂ ಶಿವಮೊಗ್ಗಕ್ಕೆ ಹೊರಟರು. ಹೊರಡುವ ಮುಂಚೆ ಅಮ್ಮ ಮಗಳ ಎದೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಬೇರೆ ತಿಕ್ಕಿದ್ದರು.

"ಎಣ್ಣೆ ಹಚ್ಚಿದ್ರೆ ವೈರಿನ ಸ್ಟಿಕ್ಕರ್ ನಿಲ್ಲಲ್ಲಮ್ಮ" ಎಂದು ಆಸ್ಪತ್ರೆಯ ನರ್ಸ್ ನಗುತ್ತ ಒರೆಸಿ, ಮತ್ತೆ ಅಂಟಿಸಿದರು. ಸ್ವಲ್ಪ ಹೊತ್ತಿಗೆ ಗೆರೆಗಳ ಕಾಗದ ಹೊರಬಂತು.

"ಇಸಿಜಿ ಚೆನ್ನಾಗಿದೆ" ಎಂದರು ಡಾಕ್ಟರ್.

ಗುಲಾಮ್ ಎದ್ದೇಬಿಟ್ಟರು. "ಅಲ್ಲಾಹ್‌ಗೆ ಶುಕರ್! ನಡಿ ಬೇಟಿ, ಬಸ್ ಹಿಡಿಯೋಣ."

"ಕೂತ್ಕೊಳ್ಳಿ. ಹೃದಯದ ಕವಾಟ ಕಿರಿದಾಗಿದ್ರೆ ರಕ್ತ ತಳ್ಳೋಕೆ ಹೃದಯ ಕಷ್ಟಪಡುತ್ತೆ. ಆ ಕಷ್ಟದ ಗುರುತು ಇಸಿಜಿಯಲ್ಲಿ ಸಿಗುತ್ತೆ. ಆದ್ರೆ ಕೆಲವು ಮಕ್ಕಳಲ್ಲಿ ಸಿಗೋದೇ ಇಲ್ಲ. ಕವಾಟ ಎಷ್ಟು ಕಿರಿದು ಅಂತ ಹೃದಯದ ಚಿತ್ರ ತೋರಿಸೋ ಎಕೋ ಸ್ಕ್ಯಾನೇ ಹೇಳ್ಬೇಕು. ಎದೆಯಲ್ಲಿ ಸದ್ದು ಇದೆ, ಓಡುವಾಗ ಬಿದ್ದಿದ್ದಾಳೆ. ಸ್ಕ್ಯಾನ್ ಮಾಡ್ದೆ ಕಳಿಸಲ್ಲ."

ಗುಲಾಮ್ ಮೊಹಿದ್ದೀನ್ ಮೆಲ್ಲಗೆ ಕೂತರು. "ಗೇಜ್ ಹಾಕಿ ಅಳತೆ ನೋಡ್ದೆ ನಾನು ಒಂದು ಪೀಸ್ ಆಚೆ ಕಳಿಸಲ್ಲ ಸಾರ್. ನನ್ನ ಮಗಳನ್ನೇ ಕಣ್ಣಂದಾಜಲ್ಲಿ ಕರ್ಕೊಂಡ್ ಹೊರಟಿದ್ನಲ್ಲ" ಎಂದರು.

ಎಕೋದಲ್ಲಿ ಕವಾಟ ತೀರಾ ಕಿರಿದಾಗಿರುವುದು ಕಂಡಿತು. ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ಕೊಳವೆ ಹಾಯಿಸಿ, ಬಲೂನ್ ಉಬ್ಬಿಸಿ ಕವಾಟವನ್ನು ಅಗಲ ಮಾಡಿದರು. ಈಗ ನಿಖತ್ ಮೆಟ್ಟಿಲು ಹತ್ತಿ ಮೇಲಿನಿಂದ ಅಮ್ಮನನ್ನು ಕೂಗಿ ಕರೆಯುತ್ತಾಳೆ. ಎಷ್ಟು ಆಡಬಹುದು ಎಂಬುದನ್ನು ಡಾಕ್ಟರ್ ಹೇಳುತ್ತಾರೆ, ತಪಾಸಣೆ ತಪ್ಪಿಸುವ ಹಾಗಿಲ್ಲ.

ಅಪ್ಪ ಅಮ್ಮಂದಿರೇ, ಮಗುವಿನ ಆಟ ನಿಲ್ಲಿಸಿ ವಾಸಿಯಾಯಿತು ಅಂದುಕೊಳ್ಳಬೇಡಿ. ಓಡುವಾಗ ತಲೆಸುತ್ತಿ ಬಿದ್ದರೆ, ಎದೆನೋವು ಎಂದರೆ, ಎದೆಯಲ್ಲಿ ಸದ್ದಿದೆ ಎಂದು ಡಾಕ್ಟರ್ ಹೇಳಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಇಸಿಜಿಗೆ ಹೆದರಬೇಡಿ. ಅದು ಚೆನ್ನಾಗಿದೆ ಎಂದರೂ "ಎಕೋ ಬೇಕಾ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚ ಯಾಕೆ, ಮಗು ನಿಮ್ಮದು.