ಅಕ್ಕನ ಮಗಳು

ಹೊಸಪೇಟೆಯ ಕಾಲುವೆ ಪಕ್ಕದ ಕೊಳೆಗೇರಿಗೆ ಹೋಗುವುದೆಂದು ತಿಳಿದಾಗಲೇ ದೇವಿಕಾ ಏನಾದರೂ ನೆಪ ಹೇಳಬಹುದಿತ್ತು. ಹೇಳಲಿಲ್ಲ. ಬಡವರ ಬದುಕಿನ ಅಧ್ಯಯನಕ್ಕೆಂದು ದೆಹಲಿಯಿಂದ ಬಂದಿದ್ದ ಮಾನವಶಾಸ್ತ್ರದ ಪ್ರೊಫೆಸರಿಗೆ ಕನ್ನಡ ಬಾರದು. ಅವರ ಪ್ರಶ್ನೆಗಳನ್ನು ಜನರಿಗೂ ಜನರ ಮಾತನ್ನು ಅವರಿಗೂ ಮುಟ್ಟಿಸುವುದು ಅವಳ ಕೆಲಸ. ತಾನು ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು ಎಂದಷ್ಟೇ ಅವರಿಗೆ ಹೇಳಿದ್ದಳು. ಅಪ್ಪನಿಗೆ ಗಣಿಯಲ್ಲಿ ನೌಕರಿ ಸಿಗುವ ಮೊದಲು ಇದೇ ಓಣಿಯಲ್ಲಿ, ಚಿಕ್ಕಮ್ಮ ಭರಮಮ್ಮನ ಗುಡಿಸಲಲ್ಲಿ ಇದ್ದದ್ದನ್ನು ಹೇಳಿರಲಿಲ್ಲ.

ನಾಲ್ಕೈದು ಮನೆ ಮುಗಿಸಿ ಪ್ರೊಫೆಸರ್ ತಗಡಿನ ಬಾಗಿಲೊಂದರ ಮುಂದೆ ನಿಂತರು. ಭರಮಮ್ಮ ಹೊರಬಂದಳು. ಅವಳ ಮುಖ ಅರಳಿತು.

"ಅಯ್ಯ, ದೇವಿ..."

"ನಿಮಗೆ ಪರಿಚಯವೇ?" ಪ್ರೊಫೆಸರ್ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಸರ್. ನನ್ನನ್ನು ಬೇರೆ ಯಾರೋ ಅಂದುಕೊಂಡಿರಬೇಕು," ಎಂದಳು ದೇವಿಕಾ.

ಭರಮಮ್ಮನಿಗೆ ಇಂಗ್ಲಿಷ್ ತಿಳಿಯದು. ದೇವಿಕಾ ತಲೆ ಅಡ್ಡಡ್ಡ ಆಡಿಸಿದ್ದು ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ರಿ ಮೇಡಮ್, ಕುಂದ್ರಿ," ಎಂದು ಚಾಪೆ ಹಾಸಿದಳು.

"ಮಕ್ಕಳೆಷ್ಟು?" ಪ್ರೊಫೆಸರರ ಪ್ರಶ್ನೆಯನ್ನು ದೇವಿಕಾ ನೆಲ ನೋಡುತ್ತಾ ಕೇಳಿದಳು.

"ನನ್ನ ಹೊಟ್ಟ್ಯಾಗ ಹುಟ್ಟಿದವು ಇಲ್ರಿ. ನಮ್ಮಕ್ಕನ ಮಗಳ್ನ ಸಾಕಿದ್ದೆ."

"ಆಕೆ ಬಂದು ಹೋಗ್ತಾಳಾ?"

"ದೊಡ್ಡ ಓದು ಓದಾಕತ್ಯಾಳ್ರಿ, ಪುರುಸೊತ್ತು ಸಿಗಂಗಿಲ್ಲ. ಭಾಳ ಚಲೋ ಹುಡುಗಿ. ಅದನ್ನೂ ಹೇಳ್ರಿ ಸಾಹೇಬ್ರಿಗೆ."

ದೇವಿಕಾ "ಓದುತ್ತಿದ್ದಾಳಂತೆ," ಎಂದಷ್ಟೇ ಪ್ರೊಫೆಸರಿಗೆ ಹೇಳಿದಳು.

ಕಾರು ಹೊರಟ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಸರ್, ಆಕೆ ನನ್ನ ಚಿಕ್ಕಮ್ಮ. ಆ ಹುಡುಗಿ ನಾನೇ."

ಅವರು ಬೈಯುತ್ತಾರೆ ಅಂದುಕೊಂಡಿದ್ದಳು. ಪ್ರೊಫೆಸರರ ಕಣ್ಣುಗಳು ಹೊಳೆದವು. "ಅದ್ಭುತ! ಇದೇ ಒಂದು ಅಧ್ಯಾಯವಾಗುತ್ತದೆ. ನಾಳೆ ಇಬ್ಬರನ್ನೂ ಕೂರಿಸಿ ರೆಕಾರ್ಡ್ ಮಾಡೋಣ."

"ಬೇಡ ಸರ್." ದೇವಿಕಾ ಕಾರು ನಿಲ್ಲಿಸಲು ಹೇಳಿ ಇಳಿದುಬಿಟ್ಟಳು.

ಗುಡಿಸಲಿಗೆ ವಾಪಸು ನಡೆದು ಬಂದಾಗ ಭರಮಮ್ಮ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಚಿಕ್ಕಮ್ಮ, ನಂದು ತಪ್ಪಾತು," ಎಂದಳು ದೇವಿಕಾ ಹೊಸ್ತಿಲಲ್ಲೇ ನಿಂತು.

"ಹೋಗ್ಲಿ ಬಿಡವ್ವ, ಒಳಗ ಬಾ. ನನಗೂ ನಾಚಿಕಿ ಆತು. ನೀ ಬರೋದು ಗೊತ್ತಿದ್ರ ಮನಿ ಬಳದು, ಒಂದು ಚಲೋ ಸೀರಿ ಉಟ್ಕೊಂತಿದ್ದೆ." ಭರಮಮ್ಮ ಒಲೆಯ ಸೌದೆ ಮುಂದೆ ತಳ್ಳಿದಳು. "ಹಂಗಿದ್ರ ಸಾಹೇಬ್ರಿಗೆ ಹೇಳ್ತಿದ್ದಿ ಅಲ್ಲ, ಈಕಿ ನಮ್ಮ ಚಿಕ್ಕಮ್ಮ ಅಂತ?"

ದೇವಿಕಾ ಒಳಗೆ ಬಂದು ಒಲೆಯ ಪಕ್ಕ ಕುಳಿತಳು. ಭರಮಮ್ಮ ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಅವಳ ಮುಂದಿಟ್ಟಳು. ದೇವಿಕಾ ತಲೆ ಎತ್ತದೆ ಅದನ್ನು ಮುರಿಯತೊಡಗಿದಳು.